ದವಾಖಾನಿಗೆ ಬಂದ ಊದುಗೊಳವಿ

ಹೆರಿಗಿ ಖೋಲ್ಯಾಗ ಬರೇ ಅಳೂದ ಇರತೈತಿ ಅನ್ನೋರು ಒಂದ್ ದಿವಸ ನನ್ನ ಡ್ಯೂಟಿಗೆ ಬಂದು ಕುಂದ್ರಬೇಕು. ಮೂಡಲಗಿ ಕಡೆ ಸಣ್ಣ ದವಾಖಾನಿ ನಮ್ದು, ನಾ ಅಲ್ಲಿ ನರ್ಸ್. ನೋವು ತಿಳೀದಂಗ ಮಾಡೋ ಇಂಜೆಕ್ಷನ್ ನಮ್ಮಲ್ಲಿಲ್ಲ. ಇರೂದು ಉಸಿರು, ತಿರುಗಾಟ, ಬೆನ್ನ ತಿಕ್ಕಾಕ ಒಂದ್ ಕೈ. ಆ ಕೈ ಮನಿಯವರದ ಇರಬೇಕು ಅಂತ ನಾ ಹಟಾ ಹಿಡದಿದ್ದೆ. ಡಾಕ್ಟರ್ ಮೇಡಮ್ ಮನಿ ಮಂದೀನ್ನ ಒಳಗ ಬಿಡಾಕ ಒಪ್ತಿರಲಿಲ್ಲ. ಬೆನ್ನ ಹತ್ತಿ ಕೇಳಿದ ಮ್ಯಾಲೆ, "ಒಮ್ಮಿ ನೋಡೂಣು. ಗದ್ಲಾ ಆತಂದ್ರ ಅವತ್ತ ಬಂದ್" ಅಂದ್ರು.

ಆ ಒಮ್ಮಿಗೆ ಸಿಕ್ಕಾಕಿ ಮಸಗುಪ್ಪಿ ಊರಿನ ಒಂದ್ ಮನಿ ಸೊಸಿ. ಎರಡನೇ ಹೆರಿಗಿ. ಮೊದಲನೇದಕ್ಕ ಬ್ಯಾರೆ ಊರಾಗ ಆಕಿನ್ನ ಒಬ್ಬಾಕಿನ್ನ ಮಲಗಿಸಿ ಬಾಗಲಾ ಹಾಕಿದ್ರಂತ. ನೋವು ಮರತೈತಿ, ಆ ಬಾಗಲಾ ಮರತಿಲ್ಲ ಅಂದ್ಲು. "ಈ ಸಲ ನಾ ಒಬ್ಬಾಕಿ ಇರಂಗಿಲ್ರಿ ಸಿಸ್ಟರ್." ಒಬ್ಬಾಕಿನ್ನ ಇರಗೊಡಂಗಿಲ್ಲ ಅಂತ ಮಾತ ಕೊಟ್ಟೆ.

ಊದೋ ಪಾಠ

ತಪಾಸಣಿಗೆ ಬಂದಾಗ ಉಸಿರಾಟ ಕಲಸಾಕ ಕುಂತೆ. ಮೂಗಲೆ ತಗೋ, ಬಾಯಲೆ ಸಾವಕಾಶ ಬಿಡು, ಒಲಿ ಊದಿದಂಗ ಅಂದೆ. ನಮ್ಮ ಮನ್ಯಾಗ ಗ್ಯಾಸ್ ಐತ್ರಿ, ನಾ ಒಲಿನ ಊದಿಲ್ಲ ಅಂದ್ಲು ಸೊಸಿ. ಬಾಜೂಕ ಕುಂತ ಅತ್ತಿ ಹಣಿ ಬಡಕೊಂಡ್ರು.

ಮುಂದಿನ ಸಲ ಅತ್ತಿ ಹಳೇ ಸೀರಿ ತುಂಡಿನ್ಯಾಗ ಸುತ್ತಿ ಊದುಗೊಳವಿನ ತಂದ್ರು. ಗೊಳವಿ ಬೇಕಾಗಿಲ್ರಿ ಅಂದ್ರ ಕೇಳವಲ್ರು. ಅದಿಲ್ಲದ ಊದಿದರ ಗಾಳಿ ಎಲ್ಲಾ ಬಾಜೂಕ ಹೋಗತೈತಿ ಅಂತ ನನಗ ಪಾಠಾ ಹೇಳಿದ್ರು. ಪಡಸಾಲ್ಯಾಗಿನ ಬಸರ ಹೆಂಗಸರೆಲ್ಲಾ ನನಗೂ ಒಂದೀಟ ಕೊಡ್ರಿ ಅಂತ ಕೈ ಚಾಚಿದ್ರು. ಒಬ್ಬರ ಬಾಯಾಗಿಂದು ಇನ್ನೊಬ್ಬರ ಬಾಯಿಗೆ ಬ್ಯಾಡ ಅಂತ ನಾ ಕಸಗೊಂಡೆ. ಅತ್ತಿ ಮನಿಗೆ ಹೋಗೂವಾಗ ಅದನ್ನ ತಿರುಗಿ ಎಣಿಸಿ ತಗೊಂಡ್ರು, ಇದ್ದದ್ದು ಒಂದ.

ಎಮ್ಮಿ

ಗಂಡಗ ಬೆನ್ನ ಒತ್ತೋದು ಕಲಸಿದೆ. ಟ್ರ್ಯಾಕ್ಟರ್ ಹೊಡಿಯಾವ, ಕೈ ಬಿರುಸು. ನಡಾ ಮ್ಯಾಲೆ ಅಂಗೈ ಇಟ್ಟು ಮೆತ್ತಗ ಒತ್ತು, ದಿನಾ ರೂಢಿ ಮಾಡು ಅಂದೆ.

ಎಂಟ್ ದಿವಸಕ್ಕ ಇಬ್ಬರೂ ಬಂದ್ರು. ಹೆಂಡ್ತಿ ಮುಟ್ಟಗೊಡವಲ್ಲಳು, ಅದಕ ಎಮ್ಮಿ ಬೆನ್ನ ಮ್ಯಾಲೆ ರೂಢಿ ಮಾಡೇನಿ ಅಂದ. ಆಕಿ ಮಾರಿ ಕೆಂಪಗಾತು. ಬೈಬೇಕಂತ ನಾ ಬಾಯಿ ತಗದೆ. ಅಷ್ಟರಾಗ ಅವನೇ ಖುಷೀಲೆ ಹೇಳಿದ: "ಈಗ ಹಾಲ ಹೆಚ್ಚಿಗಿ ಹಿಂಡಾಕತ್ತೈತ್ರಿ ಸಿಸ್ಟರ್."

ಎರಡ ಕಾಟು

ಒಂದ್ ಮಧ್ಯಾಹ್ನ ಬ್ಯಾನಿ ಚಾಲೂ ಆತು. ಪಡಸಾಲ್ಯಾಗ ತಿರುಗಾಡಿಸಿದ್ವಿ, ಗಂಡ ಬೆನ್ನ ಒತ್ತಿದ. ಎಮ್ಮಿ ಪುಣ್ಯಾ, ಖರೇನ ಆರಾಮ ಅನಸ್ತಂತ ಆಕಿಗೆ. ಬ್ಯಾನಿ ಜೋರಾದ ಮ್ಯಾಲೆ ಅತ್ತಿ ಸೊಸಿ ಇಬ್ಬರನ್ನೂ ಒಳಗ ಕರಕೊಂಡೆ. ಆಕಿ ಜೋಡಿ ನೀವೂ ಉಸಿರ ಬಿಡ್ರಿ, ನಿಮ್ಮನ್ನ ನೋಡಿ ಆಕಿ ಮಾಡತಾಳು ಅಂತ ಅತ್ತಿಗೆ ಹೇಳಿದೆ.

ಅತ್ತಿ ಸೊಸಿ ಕೈ ಹಿಡದು ಊದಾಕ ಹತ್ತಿದ್ರು, ಹಸೀ ಕಟ್ಟಿಗಿ ಹೊತ್ತಸೋರ ಗತೆ. ಸಾವಕಾಶ ಅಂದ್ರ ಕಿವಿಗೇ ಹಾಕ್ಕೋವಲ್ರು. ಸ್ವಲ್ಪ ಹೊತ್ತಿಗೆ ಖೋಲಿ ತಿರಗಾಕತ್ತೈತಿ ಅಂತ ವಾಲಿದ್ರು. ಹಿಡದು ಬಾಜೂ ಕಾಟಿನ ಮ್ಯಾಲೆ ಮಲಗಿಸಿದೆ. ಮೇಡಮ್ ನೋಡಿದ್ರ ಎಲ್ಲಾ ಮುಗೀತು. ಇವರನ್ನ ಹೊರಗ ಒಯ್ಯಿ ಅಂತ ಆಯಾಗ ಹೇಳಿದೆ.

ಸೊಸಿ ಅತ್ತಿ ಕೈ ಬಿಡಲಿಲ್ಲ. "ಅತ್ತೀನ್ನ ಕಳಸಬ್ಯಾಡ್ರಿ. ನಾ ನೋಡಕೋತೀನಿ."

ಖರೇನ ನೋಡಕೊಂಡ್ಲು. ಬ್ಯಾನಿ ಬಂದಾಗೆಲ್ಲಾ ಅತ್ತಿ ಕಡೆ ತಿರಗಿ, ಮೂಗಲೆ ತಗೋರಿ, ಸಾವಕಾಶ ಬಿಡ್ರಿ, ಅಂಜಬ್ಯಾಡ್ರಿ ಅನ್ನಾಕತ್ತಿದ್ಲು. ಅತ್ತಿಗೆ ಹೇಳಿಕೋತ ತಾನೂ ಹಂಗ ಉಸಿರ ಬಿಟ್ಲು. ಮುಚ್ಚಿದ ಬಾಗಲಾ ನೆನಸಾಕ ಆಕಿಗೆ ಪುರಸೊತ್ತ ಸಿಗಲಿಲ್ಲ.

ಮೇಡಮ್ ಒಳಗ ಬಂದ್ರು. ಎರಡ ಕಾಟು, ಇಬ್ಬರು ಹೆಂಗಸರು, ಕೈ ಕೈ ಹಿಡದು ಊದಾಕತ್ತಾರ. ಅವರು ನನ್ನ ಮಾರಿ ನೋಡಿದ್ರು. "ಹೆರಿಗಿ ಯಾರದು?"

ಅರ್ಧಾ ತಾಸಿಗೆ ಹೆಣ್ಣ ಕೂಸು ಅತ್ತಿತು. ಮೇಡಮ್ ಕೈ ತೊಳಕೋತ, ನಾಳಿಂದ ಜೋಡಿ ಬರೋರಿಗೂ ಒಂದ್ ಕುರ್ಚಿ ಇಡ್ರಿ, ಬೆನ್ನಿಗೆ ಆನಿಕಿ ಇರೂದ ನೋಡ್ರಿ ಅಂದ್ರು. ನನ್ನ ಕಣ್ಣಾಗ ನೀರ ಬಂತು.

ಅತ್ತಿ ಎದ್ದು ಕುಂತು ಚಾ ಕುಡದ್ರು. ಹೊರಗಿದ್ದ ಮಗಾ ಓಡಿ ಬಂದು, ಬಾಣಂತಿಗೆ ಅಂಟಿನುಂಡಿ ಕಟ್ಟಾಕ ಇವತ್ತ ಸಾಮಾನ ತರತೀನಿ ಅಂದ.

"ದುಪ್ಪಟ್ಟ ತಾರೋ" ಅಂದ್ರು ಅತ್ತಿ. "ಅರ್ಧಾ ಹೆರಿಗಿ ನಂದೈತಿ."