ಮೇಕೆ ಗೆದ್ದ ಭಾನುವಾರ

ಡಾಕ್ಟರು ಒಂದೇ ಒಂದು ಹೆಸರು ಹೇಳಿದ್ದರೆ ಚಿದಾನಂದ್ ಆ ಭಾನುವಾರವನ್ನು ನೆಮ್ಮದಿಯಾಗಿ ಕಳೆಯುತ್ತಿದ್ದ. ಅವರು ಹಾಗೆ ಮಾಡಲಿಲ್ಲ.

"ತಾಯಿ ಹಾಲಿನ ಜೊತೆ ಪುಡಿ ಹಾಲೂ ಶುರು ಮಾಡಿ. ಹಸುವಿನ ಹಾಲಿಂದ ಮಾಡಿದ್ದು ಸಿಗುತ್ತೆ, ಮೇಕೆ ಹಾಲಿಂದ ಮಾಡಿದ್ದೂ ಸಿಗುತ್ತೆ. ಯಾವುದಾದ್ರೂ ಸರಿ. ಕರೆದ ಹಾಲು ಮಾತ್ರ ವರ್ಷ ತುಂಬೋವರೆಗೂ ಬೇಡ" ಎಂದು ಹೇಳಿ ಅವರು ಮುಂದಿನ ಮಗುವನ್ನು ಕರೆದಿದ್ದರು.

ಮಗಳು ವಿಭಾಗೆ ಐದು ತಿಂಗಳು. ಹೆಂಡತಿ ಅಂಜನಾ ಸೋಮವಾರದಿಂದ ಆಫೀಸಿಗೆ ಹೋಗಬೇಕು. ಅಷ್ಟರೊಳಗೆ ಮಗು ಬಾಟಲಿ ಹಿಡಿಯಬೇಕು. ಸಹಾಯಕ್ಕೆಂದು ತಿಪಟೂರಿನಿಂದ ಚಿದಾನಂದನ ತಾಯಿ ಜಯದೇವಿಯೂ ಅರಸೀಕೆರೆಯಿಂದ ಅತ್ತೆ ಸರ್ವಮಂಗಳಮ್ಮನೂ ಕತ್ರಿಗುಪ್ಪೆಯ ಆ ಪುಟ್ಟ ಬಾಡಿಗೆ ಮನೆಗೆ ಬಂದು ಇಳಿದಿದ್ದರು. ಇಬ್ಬರೂ ಒಳ್ಳೆಯವರೇ, ಬೇರೆ ಬೇರೆ ಊರಿನಲ್ಲಿದ್ದಾಗ.

ಮೆಡಿಕಲ್ ಶಾಪಿನಲ್ಲಿ ನಿಂತು ಚಿದಾನಂದ್ ಮನೆಗೆ ಫೋನು ಮಾಡಿ, ಯಾವುದು ತರಲಿ ಎಂದು ಕೇಳಿದ. "ಹಸು" ಎಂದಿತು ಒಂದು ದನಿ. "ಮೇಕೆ" ಎಂದಿತು ಇನ್ನೊಂದು. ರಾಜಿಯಾಗಲಿ ಎಂದು ಅವನು ಎರಡನ್ನೂ ತಂದ. ತಂದದ್ದೇ ತಪ್ಪಾಯಿತು. ಚುನಾವಣೆಗೆ ನಿಂತವರು ಚಿಹ್ನೆ ಹಿಡಿದ ಹಾಗೆ ಇಬ್ಬರೂ ಒಂದೊಂದು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಸೋಫಾದ ಎರಡು ತುದಿಯಲ್ಲಿ ಕೂತರು.

"ಮೇಕೆ ಹಾಲು ಹಗುರ. ಮಗೂಗೆ ಬೇಗ ಅರಗುತ್ತೆ" ಎಂದರು ಸರ್ವಮಂಗಳಮ್ಮ.

"ನಮ್ಮ ಚಿದು ಹಸುವಿನ ಹಾಲು ಕುಡಿದೇ ಬೆಳೆದಿದ್ದು" ಎಂದರು ಜಯದೇವಿ.

ಸರ್ವಮಂಗಳಮ್ಮ ಅಳಿಯನನ್ನು ಮೇಲಿಂದ ಕೆಳಗೆ ನೋಡಿದರು.

"ಒಳಗೇನೇನಿದೆ ಅಂತ ಓದಿ, ಗೊತ್ತಾಗುತ್ತೆ" ಎಂದಳು ಅಂಜನಾ. ಚಿದಾನಂದ್ ಎರಡು ಡಬ್ಬಿಗಳನ್ನೂ ಕಿಟಕಿಯ ಬಳಿ ಹಿಡಿದು ಓದಿದ. ಲ್ಯಾಕ್ಟೋಸ್, ಪ್ರೋಟೀನ್, ಕಬ್ಬಿಣ, ವಿಟಮಿನ್ನುಗಳು, ಸೂರ್ಯಕಾಂತಿ ಎಣ್ಣೆ.

"ಎಣ್ಣೆ ಹಾಕಿದಾರಾ? ನೋಡಿ ಬೀಗರೇ ನಿಮ್ಮ ಮೇಕೆ" ಎಂದರು ಜಯದೇವಿ.

"ಅಮ್ಮಾ, ಎರಡರಲ್ಲೂ ಇದೆ."

"ನಮ್ಮದರಲ್ಲಿ ಇರೋದು ಒಳ್ಳೇ ಎಣ್ಣೆ."

ಗಲಾಟೆ ಕೇಳಿ ಕೆಳಗಿನಿಂದ ಮನೆ ಮಾಲೀಕರ ಹೆಂಡತಿ ಸೊಣ್ಣಮ್ಮ ಮೆಟ್ಟಿಲು ಹತ್ತಿ ಬಂದರು. ಅವರ ತವರು ಸಾರಕ್ಕಿ. ಅಲ್ಲಿ ಹೊಲಗಳಿದ್ದ ಕಾಲದಲ್ಲಿ ಅವರು ಹಸುವನ್ನೂ ಕಟ್ಟಿದ್ದರು, ಮೇಕೆಯನ್ನೂ ಮೇಯಿಸಿದ್ದರು. "ಓದಿದ್ರೆ ಏನು ಗೊತ್ತಾಗ್ತದೆ? ಎರಡನ್ನೂ ಬೇರೆ ಬೇರೆ ಲೋಟದಲ್ಲಿ ಕಲಸಿ ಕೊಡಪ್ಪ. ಯಾವುದು ಯಾವುದು ಅಂತ ಹೇಳಬೇಡ. ರುಚಿ ನೋಡಿ ನಾನು ಹೇಳ್ತೀನಿ" ಎಂದರು.

ಚಿದಾನಂದ್ ಅಡುಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ಹಸುವಿನ ಡಬ್ಬಿ ಸಲೀಸಾಗಿ ತೆರೆಯಿತು. ಮೇಕೆಯ ಡಬ್ಬಿಯಲ್ಲಿ ಮುಚ್ಚಳದ ಕೆಳಗೆ ತಗಡಿನ ಹಾಳೆಯೊಂದಿತ್ತು. ಎಳೆದ ಕೂಡಲೇ ಅದರ ಕಿವಿ ಕಿತ್ತು ಕೈಗೆ ಬಂತು. ಚಮಚದಿಂದ ಮೀಟಿದ. ಚಮಚ ಬಾಗಿತು. ಚಾಕು ನಡುಮನೆಯಲ್ಲಿ ಅತ್ತೆಯ ಮುಂದೆ ಹುರುಳಿಕಾಯಿ ತಟ್ಟೆಯಲ್ಲಿತ್ತು. ಅದನ್ನು ಕೇಳಲು ಹೋದರೆ, ಮೇಕೆ ಡಬ್ಬಿಗೇ ಯಾಕೆ ತೊಂದರೆ ಕೊಡುತ್ತಿದ್ದೀರಿ ಎಂಬ ಪ್ರಶ್ನೆ ಬರುತ್ತದೆ.

"ಎಷ್ಟೊತ್ತಪ್ಪಾ?" ಎಂದರು ಸೊಣ್ಣಮ್ಮ.

ಅವನು ಎರಡು ಲೋಟಕ್ಕೂ ಹಸುವಿನ ಪುಡಿಯನ್ನೇ ಹಾಕಿ ಕಲಸಿದ.

ಸೊಣ್ಣಮ್ಮ ಎಡಗಡೆಯ ಲೋಟದಿಂದ ಒಂದು ಗುಟುಕು ಕುಡಿದರು, ಬಲಗಡೆಯದರಿಂದ ಒಂದು ಗುಟುಕು ಕುಡಿದರು, ಕಣ್ಣು ಮುಚ್ಚಿದರು. ಮಿಕ್ಕದ್ದನ್ನು ಬೀಗಿತ್ತಿಯರು ಬೇರೆ ಲೋಟಗಳಿಗೆ ಬಗ್ಗಿಸಿಕೊಂಡರು. ಜಯದೇವಿ ಬಲಗಡೆಯದನ್ನು ಬಾಯಿಗಿಟ್ಟು ಮೂಗು ಮುಚ್ಚಿಕೊಂಡರು. "ಇದೇ ಮೇಕೆ. ವಾಸನೆ ಹೊಡೀತಿದೆ."

"ವಾಸನೆ ಅಲ್ಲ, ಪರಿಮಳ. ನಾಲಿಗೆ ಮೇಲೆ ನಿಲ್ಲೋದೇ ಇಲ್ಲ, ಎಷ್ಟು ಹಗುರ" ಎಂದರು ಸರ್ವಮಂಗಳಮ್ಮ.

ಸೊಣ್ಣಮ್ಮ ಕಣ್ಣು ತೆರೆದರು. "ಬಲಗಡೆದು ಮೇಕೆದು. ಮಗೂಗೆ ಅದೇ ಒಳ್ಳೇದು. ಹೌದೋ ಅಲ್ವೋ, ಹೇಳಪ್ಪ."

ಮನೆ ಮಾಲೀಕರಿಗೆ ಅಲ್ಲ ಎಂದು ಹೇಳಿ ಚಿದಾನಂದನಿಗೆ ಅಭ್ಯಾಸವಿರಲಿಲ್ಲ. ಅವನು ಹೌದೆಂದು ತಲೆಯಾಡಿಸಿದ.

ಮೇಕೆ ಗೆದ್ದಿತು. ಅವನೇ ಒಳಗೆ ಹೋಗಿ, ತೆರೆದಿದ್ದ ಒಂದೇ ಡಬ್ಬಿಯಿಂದ ಬಾಟಲಿ ತುಂಬಿ ತಂದು ಮಗುವಿನ ಬಾಯಿಗಿಟ್ಟ. ವಿಭಾ ಒಂದು ಹನಿ ಬಿಡದೆ ಕುಡಿದಳು. "ನೋಡಿದ್ರಾ, ಮೇಕೆ ಅಂದ್ರೆ ಹೆಂಗೆ" ಎಂದು ಹೇಳಿ ಸೊಣ್ಣಮ್ಮ ಕೆಳಗಿಳಿದರು. ಮಧ್ಯಾಹ್ನದೊಳಗೆ ಬೀದಿಯಲ್ಲಿ ಇಬ್ಬರು ಅವನನ್ನು ತಡೆದು ಮೇಕೆ ಹಾಲಿನ ಬಗ್ಗೆ ವಿಚಾರಿಸಿದರು.

ಊಟವಾದ ಮೇಲೆ ನೋಡಿದರೆ ಜಯದೇವಿ ಸೀರೆ ಮಡಚಿ ಬ್ಯಾಗಿಗೆ ತುಂಬುತ್ತಿದ್ದರು. "ಸಾಯಂಕಾಲದ ರೈಲಿಗೆ ಹೋಗ್ತೀನಿ ಚಿದು. ನನ್ನ ಮಾತಿಗೆ ಬೆಲೆ ಇಲ್ಲದ ಕಡೆ ನಾನು ಯಾಕಿರಬೇಕು?"

ಚಿದಾನಂದ್ ಲೆಕ್ಕ ಹಾಕಿದ. ನಾಳೆಯಿಂದ ಅತ್ತೆಯೊಬ್ಬರೇ ಮಗುವನ್ನು ನೋಡಿಕೊಳ್ಳಬೇಕಾಗುತ್ತದೆ. ಅದಕ್ಕಿಂತ, ಅಮ್ಮ ಹೀಗೆ ಕಣ್ಣೊರೆಸಿಕೊಂಡು ಹೋದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ, ನಡೆದದ್ದನ್ನೆಲ್ಲ ಹೇಳಿಬಿಟ್ಟ.

ಜಯದೇವಿ ಕೈಯಲ್ಲಿದ್ದ ಸೀರೆಯನ್ನು ಕೆಳಗಿಟ್ಟರು. "ಹಂಗಾದ್ರೆ ಮಗು ಕುಡಿದಿದ್ದು?"

"ಹಸುವಿಂದೇ."

"ನಾನು ಮೂಗು ಮುಚ್ಚಿಕೊಂಡಿದ್ದು?"

"ಅದೂ ಹಸುವಿಂದೇ. ಯಾರಿಗೂ ಹೇಳಬೇಡಮ್ಮ."

"ನಾನ್ಯಾಕೆ ಹೇಳಲಿ" ಎಂದು ಅವರು ಸೀರೆಗಳನ್ನು ಮತ್ತೆ ಬೀರುವಿನಲ್ಲಿಟ್ಟರು.

ಆ ಮಾತು ಸಂಜೆಯ ಕಾಫಿಯವರೆಗೆ ಉಳಿಯಿತು. ಅಡುಗೆ ಮನೆಯಲ್ಲಿ ಬೀಗಿತ್ತಿಯರಿಬ್ಬರೇ ಇದ್ದಾಗ ಪಿಸುಪಿಸು ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಚಿದಾನಂದ್ ಚಪ್ಪಲಿ ಹುಡುಕತೊಡಗಿದ. ಅಷ್ಟರಲ್ಲಿ ಒಳಗಿನಿಂದ ನಗು ಬಂತು. ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ಹೊರಬಂದರು.

"ನಾನು ಪರಿಮಳ ಅಂದ್ನಲ್ಲ ಅಳಿಯಂದ್ರೇ, ಆಗಲೇ ತಡೀಬಾರದಿತ್ತೇ?"

"ನಾನು ವಾಸನೆ ಅಂದೆ, ಸದ್ಯ ವಾಂತಿ ಮಾಡ್ಕೊಳ್ಳಲಿಲ್ಲ" ಎಂದು ಜಯದೇವಿ ಅವರ ಭುಜಕ್ಕೆ ಒರಗಿದರು.

ಮದುವೆಯಾದಾಗಿನಿಂದ ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ಚಿದಾನಂದ್ ಕಂಡಿರಲಿಲ್ಲ. ಸುದ್ದಿ ತಿಳಿದು ಸೊಣ್ಣಮ್ಮನೂ ಹತ್ತಿ ಬಂದರು, ಮೊದಲು ನಂಬಲಿಲ್ಲ, ಆಮೇಲೆ ಎಲ್ಲರಿಗಿಂತ ಜೋರಾಗಿ ನಕ್ಕರು. ಮೂವರೂ ಕೋಣೆ ಸೇರಿ ಮಾತಿಗೆ ಕೂತರು. ಎರಡು ಮನೆತನಗಳನ್ನು ಕೂಡಿಸಿದ ತೃಪ್ತಿಯಲ್ಲಿ ಚಿದಾನಂದ್ ಇನ್ನೊಂದು ಲೋಟ ಕಾಫಿ ಕುಡಿದ.

ದೀಪ ಹಚ್ಚುವ ಹೊತ್ತಿಗೆ ಕೋಣೆಯ ಬಾಗಿಲು ತೆರೆಯಿತು. ಜಯದೇವಿಯ ಕೈಯಲ್ಲಿ ಬ್ಯಾಗಿತ್ತು. ಸರ್ವಮಂಗಳಮ್ಮನ ಕೈಯಲ್ಲೂ ಇತ್ತು.

"ಧರ್ಮಸ್ಥಳಕ್ಕೆ ಹೋಗಿಬರ್ತೀವಿ ಚಿದು. ಹಂಗೇ ಕುಕ್ಕೆ, ಹೊರನಾಡು, ಶೃಂಗೇರಿ. ಒಂದು ವಾರ ಆಗಬಹುದು."

"ಇವತ್ತೇನಾ?"

"ಇಷ್ಟು ವರ್ಷ ಜೊತೆ ಇರಲಿಲ್ಲ. ಈಗ ಬೀಗರೂ ಬರ್ತೀನಿ ಅಂತಾರೆ, ಸೊಣ್ಣಮ್ಮೋರೂ ಬರ್ತಾರೆ. ಹೆಂಗಸರಿಗೆ ಬಸ್ಸು ಹೆಂಗೂ ಫ್ರೀ."

"ಅಮ್ಮಾ, ಮಗು?"

"ಬಾಟಲಿ ಹಿಡಿದಾಯ್ತಲ್ಲಪ್ಪ" ಎಂದರು ಸರ್ವಮಂಗಳಮ್ಮ. "ನಿಮ್ಮ ಕೈಲಿ ಎಷ್ಟು ಚೆನ್ನಾಗಿ ಕುಡೀತು."

ಅವನು ಅಂಜನಾಳ ಕಡೆ ನೋಡಿದ. ಅವಳು ನಾಳೆಯ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು. "ರಜೆ ಹಾಕ್ರೀ" ಎಂದಳು, ತಲೆಯೆತ್ತದೆ.

ಕೆಳಗೆ ಆಟೋ ನಿಂತಿತ್ತು. ಮುಂದೆ ಹೋಗಿದ್ದ ಸೊಣ್ಣಮ್ಮ ಗೇಟಿನಿಂದ ಕೂಗಿದರು: "ಆಧಾರ್ ಕಾರ್ಡು ತಗೊಂಡ್ರಾ?"

"ತಗೊಂಡಿದೀವಿ" ಎಂದರು ಬೀಗಿತ್ತಿಯರು, ಒಂದೇ ದನಿಯಲ್ಲಿ.

ಚಿದಾನಂದ್ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತು, ಒಂದೇ ಕೈಯಲ್ಲಿ ಮ್ಯಾನೇಜರಿಗೆ ಮೆಸೇಜು ಬರೆಯತೊಡಗಿದ. ವಿಭಾ ಅವನ ಕಿವಿಯ ಬಳಿ ದೊಡ್ಡದಾಗಿ ತೇಗಿದಳು.