ಗೊಬ್ಬರದ ಗುಂಡಿಯಲ್ಲಿ ಸಿಕ್ಕ ಜಡೆ

ಊರಿನವರ ತಲೆ ಬೋಳಿಸಿ ಬದುಕುವವನು ನಾನು. (ತಪ್ಪು ತಿಳಿಯಬೇಡಿ, ನನ್ನದು ಕ್ಷೌರದಂಗಡಿ.) ಅಂಗಡಿಯಲ್ಲಿ ಎಂಥ ದೊಡ್ಡ ಮನುಷ್ಯನಾದರೂ ನಾನು ಹೇಳಿದ ಕೂಡಲೇ ತಲೆ ಬಗ್ಗಿಸುತ್ತಾನೆ. ಮನೆಯಲ್ಲಿ ಬಗ್ಗುವ ತಲೆ ನನ್ನದು. ಬಗ್ಗಿಸಲು ಅಲ್ಲಿ ಹೆಂಡತಿಯೊಬ್ಬಳೇ ಸಾಕಾಗಿತ್ತು. ಸಾಲದ್ದಕ್ಕೆ ಅತ್ತೆಯವರೂ ಇದ್ದರು.

ಹೀಗಿರುವಾಗ ನನಗೊಂದು ಜ್ಞಾನೋದಯವಾಯಿತು. ಹಿತ್ತಲಿನ ಗುಲಾಬಿ ಗಿಡಗಳು ಸೊರಗಿ ಕಡ್ಡಿಯಾಗಿದ್ದವು. ಅಡುಗೆಮನೆಯ ಸಿಪ್ಪೆ, ಅಂಗಡಿಯ ಕೂದಲು ಎರಡೂ ಕಸದ ಗಾಡಿಯ ಪಾಲಾಗುತ್ತಿದ್ದವು. ಗುಂಡಿ ತೋಡಿ ಎರಡನ್ನೂ ಕೊಳೆಸಿದರೆ ಬಂಗಾರದಂಥ ಗೊಬ್ಬರ!

“ಕೂದಲು ಕೊಳೆಯತ್ತಾ?” ಎಂದಳು ಹೆಂಡತಿ.

“ನಿಧಾನಕ್ಕೆ ಕೊಳೆಯತ್ತೆ. ಆದ್ರೆ ಸಾರ ಜಾಸ್ತಿ.”

“ಹಾಗಾದ್ರೆ ನಿಮ್ಮ ತಲೇಲಿ ಉಳಿದಿರೋ ನಾಲ್ಕು ಕೂದಲನ್ನೂ ಹಾಕಿಬಿಡಿ.”

“ಕೂದಲು ಯಾಕೇ, ತಲೇನೇ ಹಾಕ್ಲಿ,” ಒಳಗಿನಿಂದ ಅತ್ತೆಯ ದನಿ ಬಂತು. “ಅದು ಆಗ್ಲೇ ಅರ್ಧ ಗೊಬ್ಬರ ಆಗಿದೆ.”

ನಾನು ಗುದ್ದಲಿ ಹಿಡಿದು ನೇರವಾಗಿ ಅತ್ತೆಯ ಕಿಟಕಿಯ ಕೆಳಗೇ ಗುಂಡಿ ತೋಡಿದೆ. (ಬೇರೆಲ್ಲ ಕಡೆ ಕಲ್ಲಿತ್ತು. ನಿಜವಾಗಿಯೂ ಇತ್ತು.)

ಉತ್ಸಾಹದಲ್ಲಿ ಬರೀ ಹಸಿ ಸಿಪ್ಪೆಯನ್ನೇ ಸುರಿದೆ. ಅದು ಗೊಬ್ಬರವಾಗುವ ಬದಲು ಗೊಜ್ಜಾಯಿತು. ಆಮೇಲೆ ಎದ್ದಿತು ನೋಡಿ ಒಂದು ದುರ್ಗಂಧ! ನೊಣಗಳು ಸಹಕುಟುಂಬ ಸಪರಿವಾರ ಆಗಮಿಸಿದವು. ಅತ್ತೆ ಮೂಗಿಗೆ ಸೆರಗು ಹಿಡಿದು, “ಇದು ನಿಂತ ಮೇಲೆ ಹೇಳಿ ಕಳಿಸಿ,” ಎಂದು ಚಿಕ್ಕ ಮಗಳ ಮನೆಗೆ ಹೊರಟೇಬಿಟ್ಟರು. ಭಾರವಾದ ಮುಖ, ಹಗುರವಾದ ಮನಸ್ಸು ಹೊತ್ತು ಅವರ ಪೆಟ್ಟಿಗೆಯನ್ನು ನಾನೇ ಟ್ಯಾಕ್ಸಿಗೆ ಸಾಗಿಸಿದೆ.

ಆಮೇಲೆ ಬುದ್ಧಿ ಬಂತು. ಹಸಿಯ ಮೇಲೆ ಒಣಗಿದ ಎಲೆ ಹರಡಬೇಕು, ಆಗಾಗ ಮಗುಚಿ ಗಾಳಿಯಾಡಿಸಬೇಕು ಎಂದು ಕಲಿತೆ. ನಾತ ಹೋಯಿತು. ಬೆಳಿಗ್ಗೆ ಕೆದಕಿದರೆ ಒಳಗಿನಿಂದ ಬೆಚ್ಚಗೆ ಹಬೆ ಏಳುತ್ತಿತ್ತು. ಹೆತ್ತ ತಾಯಿಯಂತೆ ನಾನು ಅದನ್ನೇ ನೋಡುತ್ತ ನಿಲ್ಲುತ್ತಿದ್ದೆ. ಅತ್ತೆಗೆ ಮಾತ್ರ ಹೇಳಿ ಕಳಿಸಲಿಲ್ಲ.

ಒಂದು ಶನಿವಾರ ನಿವೃತ್ತ ನರ್ಸಮ್ಮ ಒಬ್ಬರು ಅಂಗಡಿಗೆ ಬಂದು, “ಈ ಭಾರ ಹೊತ್ತು ಸಾಕಾಗಿದೆ, ಕತ್ತರಿಸಿಬಿಡಪ್ಪ,” ಎಂದು ಸೊಂಟದುದ್ದದ ಬಿಳಿ ಜಡೆಯನ್ನು ನನಗೊಪ್ಪಿಸಿದರು. ಅದೂ ಗುಂಡಿ ಸೇರಿತು.

ಮರುದಿನ ಗುಂಡಿ ಮಗುಚುತ್ತಿದ್ದಾಗ ಪಕ್ಕದ ಮನೆಯ ಪೋಸ್ಟ್ ಮಾಸ್ಟರು ಗೋಡೆಯ ಮೇಲೆ ಗಲ್ಲ ಊರಿದರು.

“ಏನ್ರೀ, ನಿಮ್ಮ ಅತ್ತೆ ಕಾಣ್ತಾನೇ ಇಲ್ಲ?”

“ಅವ್ರು ಹೋಗಿಬಿಟ್ರು ಸಾರ್,” ಎಂದೆ ನಾನು, ಬೆವರು ಒರೆಸುತ್ತ.

“ಅಯ್ಯೋ! ಯಾವಾಗ? ನಮಗೆ ಒಂದು ಮಾತೂ ಹೇಳ್ಲಿಲ್ವಲ್ಲ!”

“ಹೇಳೋದೇನು ಸಾರ್, ಎಲ್ಲ ಸದ್ದಿಲ್ದೆ ಮುಗೀತು.”

“ಮತ್ತೆ… ಮನೆಯವರು?”

“ಇವತ್ತು ಬೆಳಿಗ್ಗೆ ಅವಳೂ ಅಮ್ಮನ ಹತ್ರಾನೇ ಹೋದ್ಲು.”

ಅಷ್ಟರಲ್ಲಿ ನನ್ನ ಗುದ್ದಲಿಯ ತುದಿಗೆ ಬಿಳಿ ಜಡೆ ನೇತಾಡಿಕೊಂಡು ಮೇಲೆ ಬಂತು. (ಅತ್ತೆಯದೂ ಬಿಳಿ ಜಡೆಯೇ ಎಂಬುದು ಬೀದಿಗೆಲ್ಲ ಗೊತ್ತು.) ಪೋಸ್ಟ್ ಮಾಸ್ಟರ ಗಲ್ಲ ಗೋಡೆಯಿಂದ ಮಾಯವಾಯಿತು.

ಅವರು ಪೋಲೀಸಿನವನೊಂದಿಗೆ ಹಿಂದಿರುಗಿದಾಗ ಹಿಂದೆ ಇಡೀ ಬೀದಿಯಿತ್ತು. ಪೋಲೀಸಿನವನು ಜಡೆಯನ್ನು ಕೋಲಿನಿಂದೆತ್ತಿ, “ಯಾರದಿದು?” ಎಂದ.

“ನನ್ನ ಗಿರಾಕೀದು!”

“ಗಿರಾಕೀನೂ ಒಳಗಿದಾರಾ?”

ನಾನು ಬಾಯಿ ಬಿಟ್ಟಷ್ಟೂ ಗುಂಡಿಗೆ ಹೆಣಗಳು ಹೆಚ್ಚಾಗುತ್ತಿದ್ದವು. ಅತ್ತೆ ಚಿಕ್ಕ ಮಗಳ ಮನೆಯಲ್ಲಿದ್ದಾರೆ ಎಂದರೂ ಯಾರೂ ನಂಬಲಿಲ್ಲ. ಹೆಂಡತಿಗೆ ಫೋನು ಹಚ್ಚಿದರೆ ಅದು ಅಡುಗೆಮನೆಯಲ್ಲೇ ಹಾಡತೊಡಗಿತು. ಬೀದಿಯವರು ಸರದಿಯಲ್ಲಿ ಅಗೆದರು. ಪೋಸ್ಟ್ ಮಾಸ್ಟರಂತೂ ಕೈಯಿಂದಲೇ ಕೆದಕುತ್ತ, “ಎಂಥಾ ಬಂಗಾರದಂಥಾ ಹೆಂಗಸು!” ಎಂದು ಕಣ್ಣೀರಿಟ್ಟರು. ಎದುರುಮನೆಯಾಕೆ ನನ್ನತ್ತ ನೋಡಿದ ನೋಟಕ್ಕೆ ಬದುಕಿರುವಾಗಲೇ ನಾನು ಗೊಬ್ಬರವಾದೆ.

ಆಗ ಬಾಗಿಲಲ್ಲಿ ಟ್ಯಾಕ್ಸಿ ನಿಂತಿತು. ಹೆಂಡತಿ ಇಳಿದಳು. ಹಿಂದೆಯೇ ಅತ್ತೆ.

“ಅಮ್ಮಾ, ಬದುಕಿದೀರಾ!” ಎಂದು ಪೋಸ್ಟ್ ಮಾಸ್ಟರು ಕೂಗಿದರು. ಹೆಂಗಸರೆಲ್ಲ ಅತ್ತೆಯನ್ನು ತಬ್ಬಿಕೊಂಡರು. ನಡೆದದ್ದು ಕೇಳಿ ಅತ್ತೆಯ ಕಣ್ಣೂ ತುಂಬಿತು.

“ಉಳಿದ ಸೀರೆಗಳನ್ನ ತಗೊಂಡು ಚಿಕ್ಕ ಮಗಳ ಮನೇಲೇ ಇದ್ದುಬಿಡೋಣ ಅಂತ ಬಂದೆ. ಇಲ್ಲಿ ನೋಡಿದ್ರೆ ನನಗೋಸ್ಕರ ನೆಲಾನೇ ಅಗೆದಿದೀರಲ್ಲ!”

ನನ್ನ ಎದೆಯೊಳಗೆ ಖುಷಿಯ ಡೋಲು ಮೊಳಗಿತು. ಉಳಿದ ಸೀರೆ! ಚಿಕ್ಕ ಮಗಳ ಮನೆ! ನಾನು ಸುಮ್ಮನೆ ನಿಂತಿದ್ದರೆ ಸಾಕಿತ್ತು. ಆದರೆ ಅತ್ತೆ ಬಗ್ಗಿ, ಕಪ್ಪಗೆ ಉದುರುದುರಾದ ಗೊಬ್ಬರವನ್ನು ಹಿಡಿ ತುಂಬ ತೆಗೆದು ಮೂಸಿದರು.

“ಮಳೆ ಬಿದ್ದ ಮಣ್ಣಿನ ಹಾಗಿದೆಯಲ್ಲ! ಆ ನಾತ ಎಲ್ಲಿ ಹೋಯ್ತು ಅಳಿಯಂದ್ರೇ?”

ಮದುವೆಯಾದಂದಿನಿಂದ ಅವರು ನನ್ನನ್ನು ಮೆಚ್ಚಿ ಮಾತಾಡಿದ್ದು ಅದೇ ಮೊದಲು. ಬೀದಿಯೆಲ್ಲ ಕಿವಿಗೊಟ್ಟಿತ್ತು. ನನ್ನ ಎದೆ ಉಬ್ಬಿತು. ಎರಡೂ ಕೈಗಳಲ್ಲಿ ಗೊಬ್ಬರ ಬಾಚಿಕೊಂಡು ಒಣ ಎಲೆ, ಹಸಿ ಸಿಪ್ಪೆ, ಗಾಳಿ ಎಂದು ಉಪನ್ಯಾಸ ಬಿಗಿದು, ಕೊನೆಗೆ ಘೋಷಿಸಿದೆ: “ಇನ್ನು ಜನ್ಮದಲ್ಲಿ ನಾತ ಬರಲ್ಲ ಅತ್ತೆ. ನಾನು ಗ್ಯಾರಂಟಿ!”

“ಹಾಗಾದ್ರೆ ನಾನ್ಯಾಕೆ ಹೋಗ್ಲಿ?” ಎಂದ ಅತ್ತೆ ಟ್ಯಾಕ್ಸಿಯವನತ್ತ ತಿರುಗಿದರು. “ನೀನು ಹೊರಡಪ್ಪ.”

ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಪೋಲೀಸಿನವನೂ ತಟ್ಟಿದ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ವಿಧಿಯಿಲ್ಲದೆ ನಾನೂ ತಟ್ಟಿದೆ. ಕೈತುಂಬ ಹಿಡಿದಿದ್ದ ಗೊಬ್ಬರವೆಲ್ಲ ನನ್ನ ಮುಖಕ್ಕೇ ಹಾರಿತು.