ಮಂಗಳಮ್ಮನಿಗೆ ನಿರ್ದೋಷಿ ಹೂವು

ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಪುಟ್ಟಮಾದಯ್ಯ ಮೇಷ್ಟ್ರು ಹೆಂಡತಿಗೆ ಒಂದು ಮೊಳ ಹೂವು ತಂದುಕೊಟ್ಟವರಲ್ಲ. ಈ ಆರೋಪವನ್ನು ಮಂಗಳಮ್ಮ ಹಬ್ಬಕ್ಕೊಮ್ಮೆ ಮಂಡಿಸುತ್ತಿದ್ದರು. ಮೇಷ್ಟ್ರು ಹಬ್ಬಕ್ಕೊಮ್ಮೆ ಮುಖಕ್ಕೆ ಪೇಪರು ಅಡ್ಡ ಹಿಡಿಯುತ್ತಿದ್ದರು. ಆದರೆ ಆ ಶನಿವಾರ ಮಳವಳ್ಳಿಯ ಅಂಗನವಾಡಿಯಲ್ಲಿ ಮಂಗಳಮ್ಮನಿಗೆ ಬೀಳ್ಕೊಡುಗೆ. ಇಷ್ಟು ವರ್ಷ ಊರ ಮಕ್ಕಳ ಮೂಗು ಒರೆಸಿದವಳಿಗೆ ಹೂಗುಚ್ಛ ತಾವೇ ತರುವುದಾಗಿ ಮೇಷ್ಟ್ರು ಘೋಷಿಸಿಬಿಟ್ಟರು.

"ನೀವಾ?" ಅಂದರು ಮಂಗಳಮ್ಮ. "ಅಂಗಾರೆ ಎಲ್ರಿಗೂ ಯೋಳ್ಬುಡ್ತೀನಿ. ಅನ್ನೊಂದು ಗಂಟೆಗೆ ಸಭೆ, ಮಾನ ಕಳೀಬೇಡಿ."

ಮೇಷ್ಟ್ರು ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. (ನಿವೃತ್ತಿಯಾದದ್ದು ಸಂಬಳ ಮಾತ್ರ, ಪಾಠವಲ್ಲ.) ಬೆಳಿಗ್ಗೆ ಎಂಟಕ್ಕೇ ಅಕೀಲನ ಹೂವಿನಂಗಡಿ ಮುಂದೆ ನಿಂತು ವಿಚಾರಣೆ ಶುರುಮಾಡಿದರು.

"ಈ ಗುಲಾಬಿ ಎಲ್ಲಿಂದ ಬಂತಪ್ಪ? ಔಷಧಿ ಎಷ್ಟು ಸಲ ಹೊಡೆದವರೆ? ಕುಯ್ದ ಹೆಂಗಸರಿಗೆ ಕೂಲಿ ಸರಿಯಾಗಿ ಕೊಟ್ಟವರಾ? ಈ ಪ್ಲಾಸ್ಟಿಕ್ ಹಾಳೆ ಮಣ್ಣಲ್ಲಿ ಕರಗೋದು ಯಾವಾಗ?"

ಅಕೀಲ್ ದಾರ ಕಚ್ಚಿ ತುಂಡು ಮಾಡಿದ. "ಸಾರ್, ತಾವು ಹೂವು ತಗೋತಿದ್ದೀರೋ, ಹೆಣ್ಣು ನೋಡ್ತಿದ್ದೀರೋ? ಬಂಡೂರು ದಾರೀಲಿ ಚಿಕ್ಕಬೋರಮ್ಮ ಅಂತ ಅವರೆ. ಔಷಧಿ ಗಿಷಧಿ ಹೊಡಿಯಲ್ಲ. ಅಲ್ಲಿಗೋಗಿ."

ಮೇಷ್ಟ್ರು ಸ್ಕೂಟರ್ ಏರಿ ಹೋದರು. ಚಿಕ್ಕಬೋರಮ್ಮನ ಹೊಲದಲ್ಲಿ ಹಳದಿ ಸೇವಂತಿಗೆ ಕಣ್ತುಂಬ ಅರಳಿತ್ತು. ಸಗಣಿ ಗೊಬ್ಬರ, ಬೇವಿನ ಹಿಂಡಿ ಬಿಟ್ಟರೆ ಬೇರೇನೂ ಸೋಕಿಸುವುದಿಲ್ಲವೆಂದು ಕೇಳಿ ಮೇಷ್ಟ್ರಿಗೆ ಪರಮಾನಂದವಾಯಿತು. ಇನ್ನು ಸಾಮಾಜಿಕ ನ್ಯಾಯವೊಂದು ಬಾಕಿ.

"ಕೂಲಿಯವರಿಗೆ ವಿಶ್ರಾಂತಿ ಕೊಡ್ತೀರೇನಮ್ಮ?"

"ಕೂಲಿಯೋಳೂ ನಾನೇಯ, ವಡತೀನೂ ನಾನೇಯ. ನಂಗೆ ಇಸ್ರಾಂತಿ ಕೊಡೋರ್ ಯಾರವ್ರೆ? ನೀವು ಕೊಟ್ರೆ ತಕತೀನಿ," ಎಂದು ಆಕೆ ಕುಡುಗೋಲನ್ನು ಮೇಷ್ಟ್ರ ಕೈಗಿಟ್ಟು, ಹೊಂಗೆ ಮರದಡಿ ಕೂತು ಎಲೆಗೆ ಸುಣ್ಣ ಸವರತೊಡಗಿದರು.

ತತ್ವ ಆಡಿದವರು ಬಗ್ಗಲೇಬೇಕಾಯಿತು. ಮರದಡಿಯಿಂದ ಆಗಾಗ ಅಪ್ಪಣೆ ಬರುತ್ತಿತ್ತು: "ಇನ್ನೂ ಬುಡುಕ್ಕೆ ಬಗ್ಗಿ ಮೇಷ್ಟ್ರೇ. ಮೊಗ್ಗು ಮುಟ್ಬೇಡಿ." ಇರುವೆಗಳು ತೋಳೇರಿದವು. ಒಂದು ತೆಕ್ಕೆಯಷ್ಟು ಹೂವು ಕುಯ್ಯುವಷ್ಟರಲ್ಲಿ ಸೊಂಟ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಆದರೂ ಬಾಳೆಲೆಯಲ್ಲಿ ಸುತ್ತಿ, ಬಾಳೆ ನಾರಿನಲ್ಲಿ ಕಟ್ಟಿದ ಆ ಗುಚ್ಛವನ್ನು ನೋಡಿದಾಗ, ಇಷ್ಟು ಕಳಂಕವಿಲ್ಲದ ಹೂವನ್ನು ತಾಲ್ಲೂಕಿನಲ್ಲಿ ಯಾವ ಗಂಡನೂ ಯಾವ ಹೆಂಡತಿಗೂ ಕೊಟ್ಟಿರಲಾರ ಎನ್ನಿಸಿ ಎದೆಯುಬ್ಬಿತು.

ವಾಪಸ್ಸು ಬರುವಾಗ ದಾರಿ ತುಂಬ ಬಂಡೂರು ಕುರಿಗಳು. ಮೇಷ್ಟ್ರು ಹೊಗೆ ತಪ್ಪಿಸಲೆಂದು ಎಂಜಿನ್ ನಿಲ್ಲಿಸಿ, ವಾಚು ನೋಡಿಕೊಂಡರು. ಹನ್ನೊಂದೂಕಾಲು. ತಲೆಯೆತ್ತುವಷ್ಟರಲ್ಲಿ, ಸ್ಕೂಟರಿನ ಕೊಕ್ಕೆಗೆ ತೂಗುಹಾಕಿದ್ದ ಗುಚ್ಛಕ್ಕೆ ಮೂರು ಕುರಿಗಳು ಬಾಯಿಟ್ಟಿದ್ದವು. ಬಾಳೆಲೆಯೂ ಹೋಗಿತ್ತು.

"ಔಸ್ದಿ ಒಡೆದಿದ್ರೆ ಮೂಸೂ ನೋಡ್ತಿರ್ನಿಲ್ಲ ಬುಡಿ ಸಾ," ಎಂದ ಕುರಿ ಕಾಯುತ್ತಿದ್ದ ಕೆಂಪರಾಜು, ಸಮಾಧಾನದ ದನಿಯಲ್ಲಿ. "ಒಳ್ಳೇ ಹೂವಾ ತಂದಿದ್ರಿ."

ಮೇಷ್ಟ್ರು ಅಂಗನವಾಡಿ ತಲುಪಿದಾಗ ಮಂಗಳಮ್ಮ ವೇದಿಕೆ ಮೇಲೆ ಪ್ಲಾಸ್ಟಿಕ್ ಸುತ್ತಿದ ಹನ್ನೆರಡು ಗುಚ್ಛಗಳ ನಡುವೆ ಕೂತಿದ್ದರು. ಕಣ್ಣು ಮಾತ್ರ ಬಾಗಿಲಿನ ಮೇಲಿತ್ತು. ಮೇಷ್ಟ್ರ ಕೈಯಲ್ಲಿದ್ದದ್ದು ಒಂದು ಹಿಡಿ ಬೋಳು ಕಡ್ಡಿ, ಅರ್ಧ ತಿಂದ ಒಂದು ಸೇವಂತಿಗೆ. ಸಭೆಯೆಲ್ಲ ತಿರುಗಿ ನೋಡಿತು.

"ಏನಾಯ್ತು ಅಂತ ಮೈಕಲ್ಲೇ ಯೋಳಿ," ಅಂದರು ಮಂಗಳಮ್ಮ.

ಮೇಷ್ಟ್ರು ಒಂದನ್ನೂ ಬಿಡದೆ ಹೇಳಿದರು. ಇರುವೆಯ ಹೊತ್ತಿಗೆ ಹೆಂಗಸರು ನಗಲಾರಂಭಿಸಿದರು. ಕುರಿಯ ಹೊತ್ತಿಗೆ ಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಆ ಅರ್ಧ ಸೇವಂತಿಗೆಯನ್ನು ಇಸಕೊಂಡು ಮುಡಿದು, "ಎಂಗೈತೆ?" ಎಂದು ಕೇಳಿದರು.

ಹಾಗೆ ಕೇಳಿ ಎಷ್ಟೋ ವರ್ಷಗಳಾಗಿದ್ದವು. ಮೇಷ್ಟ್ರು ಉಬ್ಬಿಹೋಗಿ, ಮೈಕು ಇನ್ನೂ ಕೈಯಲ್ಲೇ ಇದ್ದದ್ದರಿಂದ, "ಇನ್ನು ಮೇಲೆ ಪ್ರತಿ ಶುಕ್ರವಾರ ಇಂಥದೇ ಹೂವನ್ನು ನಾನೇ ಕುಯ್ದು ತಂದುಕೊಡ್ತೀನಿ," ಎಂದು ಸಾರಿದರು. ಚಪ್ಪಾಳೆ ಬಿತ್ತು.

ಮಂಗಳಮ್ಮ ಮೈಕಿನತ್ತ ಬಗ್ಗಿದರು. "ಆಗ್ಲಿ. ಆದ್ರೆ ಸ್ಕೂಟ್ರು ಒಗೆ ಬುಡ್ತದೆ ಕಣ್ರೀ. ನಡ್ಕೊಂಡೇ ಓಗ್ಬನ್ನಿ."

ಈ ಸಲ ಚಪ್ಪಾಳೆ ಇನ್ನೂ ಜೋರಾಗಿತ್ತು. ಮೇಷ್ಟ್ರೂ ತಟ್ಟಿದರು, ಅಷ್ಟು ಜನರೆದುರು ಇನ್ನೇನು ಮಾಡಿಯಾರು?